‘ಇಟಲಿಯ ರೀತಿಯ ವಿವಾಹವಿಚ್ಛೇದನ’: ಒಂದು ವಿಮರ್ಶೆ

ದಾಂಪತ್ಯವನ್ನೂ ವ್ಯಭಿಚಾರವನ್ನೂ ವಸ್ತುವಾಗಿಸಿಕೊಂಡ ಹಾಸ್ಯಕೃತಿಗಳು ಲೋಕದಲ್ಲಿ ಹೇರಳವಾಗಿವೆ. ನಕ್ಕು ಮುಗಿದ ಮೇಲೆ ‘ನಾವು ನಕ್ಕದ್ದು ಏತಕ್ಕೆ?’ ಎಂದು ಪ್ರೇಕ್ಷಕನನ್ನು ಕಾಡುವಂಥವು ಮಾತ್ರ ವಿರಳ. ಪಿಯೆತ್ರೊ ಜೆರ್ಮಿ ೧೯೬೧ರಲ್ಲಿ ನಿರ್ದೇಶಿಸಿದ ‘ದಿವೋರ್ತ್ಸಿಯೊ ಆಲ್ಲಿತಾಲಿಯಾನಾ’ ಎಂಬ ಚಲಚ್ಚಿತ್ರ ಈ ವಿರಳ ವರ್ಗಕ್ಕೆ ಸೇರಿದ್ದೆಂದು ನಮ್ಮ ಅಭಿಪ್ರಾಯ. ಅದರ ಚಿತ್ರಕಥೆಗೆ ಆಸ್ಕರ್ ಪ್ರಶಸ್ತಿ ಸಂದಿತು. ಇಟಲಿಯ ಕಟುಹಾಸ್ಯದ ಚಿತ್ರಗಳ ಒಂದು ಪರಂಪರೆಗೇ ಅದರ ಹೆಸರಿನಿಂದ ಹೆಸರು ಬಂದಿತು.

ಕಥೆ ನಡೆಯುವುದು ಸಿಸಿಲಿ ದ್ವೀಪದ ಅಗ್ರಮೊಂತೆ ಎಂಬ ಕಲ್ಪಿತ ಊರಿನಲ್ಲಿ. ಸ್ಥಿತಿ ಕುಗ್ಗಿದ ಜಮೀನುದಾರ ಫೆಫೆಗೆ ಹೆಂಡತಿ ರೊಸಾಲಿಯಾ ಬೇಸರವಾಗಿದ್ದಾಳೆ. ಬಂಧುಗಳ ಮನೆಯ ಕಿರಿಯ ಹುಡುಗಿ ಏಂಜೆಲಾಳ ಮೇಲೆ ಮನಸ್ಸು ಹರಿದಿದೆ. ಆದರೆ ಅಂದಿನ ಇಟಲಿಯಲ್ಲಿ ವಿಚ್ಛೇದನಕ್ಕೆ ಅವಕಾಶವೇ ಇರಲಿಲ್ಲ. ಅದೇ ನಾಡಿನ ೧೯೩೦ರ ದಂಡಸಂಹಿತೆಯ ೫೮೭ನೆಯ ವಿಧಿ ಮಾತ್ರ, ಪರಸಂಗವನ್ನು ಕಂಡ ಕ್ಷಣದ ಕೋಪದಲ್ಲಿ ಮಾನರಕ್ಷಣೆಗಾಗಿ ಕೊಂದವನಿಗೆ ಮೂರರಿಂದ ಏಳು ವರ್ಷಗಳ ಸೆರೆ ಸಾಕೆನ್ನುತ್ತಿತ್ತು. ಬಿಡುವುದು ಅಸಾಧ್ಯ, ಕೊಲ್ಲುವುದು ಸುಲಭ! ಫೆಫೆ ಲೆಕ್ಕ ಹಾಕುತ್ತಾನೆ. ಹೆಂಡತಿಗೆ ಪ್ರಿಯಕರನೊಬ್ಬನನ್ನು ತಾನೇ ಒದಗಿಸಿಕೊಡಲು ಹೊರಡುತ್ತಾನೆ. ಕೊಲೆ ನಡೆಯುವ ಮೊದಲೇ ತನ್ನ ಪರ ವಕೀಲನು ಮಾಡುವ ವಾದವೂ ಅವನ ಕಿವಿಯಲ್ಲಿ ಮೊಳಗುತ್ತದೆ.

ಇಲ್ಲಿಯ ವಿಡಂಬನೆ ಒಬ್ಬ ಖಳನ ಮೇಲಿನದಲ್ಲ. ಹೆಂಡತಿ ಓಡಿಹೋದಾಗ ಫೆಫೆಯನ್ನು ಹೀಯಾಳಿಸಿದ ಊರೇ, ಅವನು ಕೊಂದು ಸೆರೆ ಅನುಭವಿಸಿ ಬಂದಾಗ ಮನ್ನಿಸುತ್ತದೆ. ಕಾನೂನು ಮತ್ತು ಲೋಕಾಪವಾದ ಎರಡೂ ಕೂಡಿ ಕೋವಿಯನ್ನು ಅವನ ಕೈಗೆ ಇಟ್ಟವೆಂದರೆ ತಪ್ಪಾಗದು.

ಆದರೆ ಚಿತ್ರದ ನಿಜವಾದ ಬಿಗಿ ನಿರೂಪಣೆಯಲ್ಲಿದೆ. ಕಥೆ ಹೇಳುವವನು ಕೊಲೆಗಾರನೇ. ರೊಸಾಲಿಯಾಳ ಮೇಲ್ದುಟಿಯ ರೋಮ, ಅವಳ ಪ್ರೇಮದ ಕಾಟ, ಕೊನೆಯಿಲ್ಲದ ಮಾತು ಎಲ್ಲವನ್ನೂ ನಾವು ಕಾಣುವುದು ಅವನ ಕಣ್ಣಿನಿಂದ. ಅವನು ಅವಳನ್ನು ಸಾಬೂನಿನ ಕಡಾಯಿಯಲ್ಲಿ ಮುಳುಗಿಸುವಂತೆ ಕನಸು ಕಂಡಾಗ ನಾವು ನಗುತ್ತೇವೆ. ಮಾರ್ಚೆಲ್ಲೊ ಮಾಸ್ತ್ರೊಯಾನ್ನಿಯ ಸೋಮಾರಿ ಕಣ್ಣುಗಳು ನಮ್ಮನ್ನು ಒಲಿಸಿಕೊಂಡಿರುತ್ತವೆ. ಹಾಗೆ ನಾವೂ ಅವನ ಪಾಲುದಾರರಾಗುತ್ತೇವೆ.

ರೊಸಾಲಿಯಾಳಿಗೆ ಚಿತ್ರ ಅನ್ಯಾಯ ಮಾಡಿದೆಯೆಂದು ಆಕ್ಷೇಪಿಸಬಹುದು. ಈ ಮಾತು ಪೂರ್ತಿ ಸುಳ್ಳಲ್ಲ. ಅವಳ ಅಂತರಂಗಕ್ಕೆ ಇಲ್ಲಿ ದೊರೆತ ಎಡೆ ಕಡಮೆ. ಆದರೂ ಒಂದು ಸಂದರ್ಭವಿದೆ. ಹಳೆಯ ಒಲವಿನ ಚಿತ್ರಕಾರ ಕಾರ್ಮೆಲೊ ಮನೆಗೆ ಬಂದಾಗ ಫೆಫೆ ಧ್ವನಿಮುದ್ರಣ ಯಂತ್ರವನ್ನು ಬಚ್ಚಿಟ್ಟು ಅವರ ಮಾತನ್ನು ಕದ್ದು ಕೇಳುತ್ತಾನೆ. ಗಂಡನ ವರ್ಣನೆಯ ಹಂಗಿಲ್ಲದೆ ಅವಳ ದನಿ ನಮಗೆ ಕೇಳಿಬರುವುದು ಅಲ್ಲಿ. ಈವರೆಗೆ ನಾವು ನಕ್ಕದ್ದು ಒಂದು ಜೀವವನ್ನು ನೋಡಿಯೆಂಬ ಅಳುಕು ಹುಟ್ಟುವುದೂ ಅಲ್ಲಿಯೇ. ಈ ಅಳುಕಿಲ್ಲದೆ ಹೋಗಿದ್ದರೆ ಕೃತಿ ಬರಿಯ ಕ್ರೌರ್ಯವಾಗುತ್ತಿತ್ತು.

ಕೊನೆಯ ದೃಶ್ಯದಲ್ಲಿ ದೋಣಿಯ ಮೇಲೆ ಹೊಸ ಹೆಂಡತಿ ಏಂಜೆಲಾ ಫೆಫೆಗೆ ಮುತ್ತಿಡುತ್ತಿದ್ದಾಳೆ. ಅವಳ ಕಾಲು ತರುಣ ನಾವಿಕನ ಕಾಲನ್ನು ಸವರುತ್ತಿದೆ. ಎಲ್ಲವನ್ನೂ ಬಲ್ಲೆನೆಂದು ಕಥೆ ಹೇಳಿದವನು ಇದನ್ನು ಕಾಣ. ನಾವು ಕಾಣುತ್ತೇವೆ. ಅವನ ಕಣ್ಣಿನಿಂದ ನಮ್ಮ ಕಣ್ಣಿಗೆ ಬಿಡುಗಡೆ ಸಿಗುವುದು ಆಗ.

ಇಟಲಿಯಲ್ಲಿ ವಿಚ್ಛೇದನದ ಕಾನೂನು ೧೯೭೦ರಲ್ಲಿ ಬಂದಿತು. ೧೯೭೪ರ ಜನಮತಗಣನೆಯಲ್ಲಿ ಜನರು ಅದನ್ನು ಉಳಿಸಿಕೊಂಡರು. ೫೮೭ನೆಯ ವಿಧಿ ೧೯೮೧ರಲ್ಲಿ ರದ್ದಾಯಿತು. ಚಿತ್ರದಿಂದಲೇ ಇವೆಲ್ಲ ಆದುವೆಂದು ನಾವು ಹೇಳೆವು. ಕಾನೂನು ಹೋದರೂ ಚಿತ್ರ ಹಳತಾಗಲಿಲ್ಲವೇಕೆ ಎಂಬುದಷ್ಟೆ ನಮ್ಮ ಪ್ರಶ್ನೆ. ಸತ್ತವಳ ಕಥೆಯನ್ನು ಕೊಂದವನ ಬಾಯಿಂದ ಕೇಳಿ ತಲೆದೂಗುವ ಅಭ್ಯಾಸ ಯಾವ ವಿಧಿಯ ರದ್ದತಿಯಿಂದಲೂ ಹೋಗುವಂಥದಲ್ಲ. ‘ಈ ಕಥೆ ಹೇಳುತ್ತಿರುವವರು ಯಾರು?’ ಎಂದು ಕೇಳುವುದನ್ನು ಮಕ್ಕಳಿಗೆ ಕಲಿಸಬೇಕಾದವರು ಅಧ್ಯಾಪಕರಾದ ನಾವು. ಆ ಪ್ರಶ್ನೆಯನ್ನು ನಾವೇ ಮರೆತು ನಕ್ಕೆವೆಂಬುದನ್ನು ಈ ಚಿತ್ರ ನಮಗೆ ತೋರಿಸಿಕೊಡುತ್ತದೆ.