ಆಸ್ಟೆರಿಕ್ಸ್ ಪುಸ್ತಕವನ್ನು ಸವಿಯುವ ಬಗೆ

ಹಾಸ್ಯದ ಗ್ರಾಫಿಕ್ ಕಾದಂಬರಿ ಸರಣಿಯ ಯಾವುದೋ ಒಂದು ಸಂಪುಟ ಕೈಗೆ ಬಂದಾಗ ಹೊಸ ಓದುಗರು ಮೊದಲು ಕೇಳುವುದು, ಕಥೆ ಏನು ಅಂತ. ಆಸ್ಟೆರಿಕ್ಸ್ ಸರಣಿಯಲ್ಲಿ ಆ ಪ್ರಶ್ನೆಯಿಂದ ಹೆಚ್ಚೇನೂ ದಕ್ಕುವುದಿಲ್ಲ. ಕ್ರಿಸ್ತಪೂರ್ವ 50ರ ಗಾಲ್ ದೇಶ. ಸುತ್ತ ನಾಲ್ಕು ರೋಮನ್ ಶಿಬಿರಗಳು, ನಡುವೆ ಸೋಲೊಪ್ಪದ ಒಂದು ಪುಟ್ಟ ಹಳ್ಳಿ. ಹಳ್ಳಿಯ ಪುರೋಹಿತ ಗೆಟಾಫಿಕ್ಸ್ ಕಾಯಿಸುವ ಮದ್ದು ಕುಡಿದರೆ ಯಾರಿಗಾದರೂ ಆನೆಬಲ. ಚಿಕ್ಕಂದಿನಲ್ಲೇ ಆ ಮದ್ದಿನ ಕೊಪ್ಪರಿಗೆಗೆ ಬಿದ್ದ, ಕಥಾನಾಯಕ ಆಸ್ಟೆರಿಕ್ಸ್‌ನ ಗೆಳೆಯ ಓಬೆಲಿಕ್ಸ್‌ಗೆ ಮಾತ್ರ ಅದನ್ನು ಕುಡಿಯಲು ಅನುಮತಿಯಿಲ್ಲ. ರೋಮನ್ನರು ಪೆಟ್ಟು ತಿನ್ನುತ್ತಾರೆ, ಕೊನೆಯಲ್ಲಿ ಕಾಡುಹಂದಿಯ ಔತಣ ನಡೆಯುತ್ತದೆ, ಸಾಮಾನ್ಯವಾಗಿ ಹಾಡುಗಾರ ಕ್ಯಾಕೋಫೋನಿಕ್ಸ್‌ನ ಬಾಯಿ ಕಟ್ಟಿರುತ್ತಾರೆ. ಇಷ್ಟು ಗೊತ್ತಿದ್ದೇ ಪುಸ್ತಕ ತೆರೆಯಬೇಕು. ಪ್ರಸಂಗ ಬಾಯಿಪಾಠವಾಗಿದ್ದರೂ ಇವತ್ತಿನ ಹಾಸ್ಯಗಾರ ಏನು ಮಾಡುತ್ತಾನೋ ನೋಡೋಣ ಎಂದು ಯಕ್ಷಗಾನಕ್ಕೆ ಹೋಗುತ್ತೇವಲ್ಲ, ಹಾಗೆ.

ಬರಹಗಾರ ರೆನೆ ಗೊಸಿನಿ ಮತ್ತು ಚಿತ್ರಕಾರ ಆಲ್ಬೇರ್ ಉದೆರ್ಜೊ 1959ರಲ್ಲಿ ‘ಪಿಲೋಟ್’ ಎಂಬ ಫ್ರೆಂಚ್ ವಾರಪತ್ರಿಕೆಯಲ್ಲಿ ಇದನ್ನು ಶುರುಮಾಡಿದರು. ವಾರವಾರ ಓದುವವರನ್ನು ಹಿಡಿದಿಡಬೇಕಿದ್ದುದರಿಂದ ಪುಟದ ಕೊನೆಯ ಚೌಕಕ್ಕೆ ಸಾಮಾನ್ಯವಾಗಿ ಒಂದು ಕೊಕ್ಕೆ ಇರುತ್ತದೆ: ಅರ್ಧಕ್ಕೆ ನಿಂತ ಮಾತು, ಬೀಳಲಿರುವ ಪೆಟ್ಟು, ಬಾಗಿಲಲ್ಲಿ ಕಾಣಿಸಿಕೊಂಡ ಮುಖ. ಇದನ್ನು ಗಮನಿಸಿದರೆ ಇವರ ಲಯ ಬೇಗ ಸಿಗುತ್ತದೆ.

ಮೊದಲ ಓದಿಗೆ ನಾನು ಸೂಚಿಸುವುದು 1971ರ ‘ಮ್ಯಾನ್ಶನ್ಸ್ ಆಫ್ ದ ಗಾಡ್ಸ್’. ಸರಣಿಯ 17ನೆಯದು. ಪುಸ್ತಕಗಳನ್ನು ಕ್ರಮವಾಗಿಯೇ ಓದಬೇಕೆಂದಿಲ್ಲ. ಮೊದಲನೆಯದರಿಂದ ಶುರುಮಾಡಿದರೆ ಉದೆರ್ಜೊನ ಗೆರೆ ಇನ್ನೂ ಪಳಗಿಲ್ಲದ್ದು ಕಾಣುತ್ತದೆ. ಇಲ್ಲಿ ಆತನ ಕೈ ತುಂಬಿ ಹರಿಯುತ್ತಿದೆ.

ಕತ್ತಿಯಿಂದ ಆಗದ್ದನ್ನು ಕಟ್ಟಡದಿಂದ ಸಾಧಿಸಲು ಸೀಸರ್ ಹೊರಡುತ್ತಾನೆ. ಹಳ್ಳಿಯ ಸುತ್ತಲಿನ ಕಾಡು ಕಡಿದು ರೋಮನ್ನರಿಗೆ ವಸತಿ ಸಮುಚ್ಚಯ ಕಟ್ಟಿಸುವುದು, ಹಳ್ಳಿ ತಾನಾಗಿ ಅದರೊಳಗೆ ಕರಗಿಹೋಗುವಂತೆ ಮಾಡುವುದು ಅವನ ಯೋಜನೆ. ಪ್ಯಾರಿಸ್ಸಿನ ಹೊರವಲಯದಲ್ಲಿ ಆ ಕಾಲಕ್ಕೆ ಏಳುತ್ತಿದ್ದ ದೊಡ್ಡ ಬಡಾವಣೆಗಳು ಇದರ ಬೆನ್ನಿಗಿವೆ. ತೋಪು ಹೋಗಿ ತೋಪಿನ ಹೆಸರಿನ ಅಪಾರ್ಟ್‌ಮೆಂಟ್ ಬಂದದ್ದನ್ನು ಕಂಡ ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲ ಸಲ ಓದುವಾಗ ಮಾತಿನ ಗುಳ್ಳೆಗಳ ಹಿಂದೆಯೇ ಓಡಿ, ತಪ್ಪೇನಿಲ್ಲ. ಎರಡನೇ ಸಲ ಗುಳ್ಳೆ ಬಿಟ್ಟು ಚಿತ್ರವನ್ನಷ್ಟೇ ನೋಡಿ. ರಾತ್ರಿಯಲ್ಲಿ ರೋಮನ್ನರು ಗುಲಾಮರನ್ನು ದುಡಿಸಿ ಕಷ್ಟಪಟ್ಟು ಮರ ಉರುಳಿಸುತ್ತಾರೆ. ಗೆಟಾಫಿಕ್ಸ್ ಮದ್ದು ಹಾಕಿದ ಓಕ್ ಬೀಜಗಳು ನೆಲಕ್ಕೆ ಬಿದ್ದ ಕ್ಷಣದಲ್ಲೇ ಮರಗಳಾಗಿ ನಿಲ್ಲುತ್ತವೆ. ಬೆಳಗಾದರೆ ಕಾಡು ಇದ್ದಹಾಗೇ ಇದೆ. ಇಲ್ಲಿ ನಗು ಹುಟ್ಟುವುದು ಚೌಕದ ಒಳಗಲ್ಲ, ಒಂದು ಚೌಕಕ್ಕೂ ಮುಂದಿನದಕ್ಕೂ ನಡುವಿನ ಬಿಳಿ ಪಟ್ಟಿಯಲ್ಲಿ. ಮರ ಬೆಳೆದ ಕಾಲವೆಲ್ಲ ಆ ಪಟ್ಟಿಯಲ್ಲಿ ಅಡಗಿದೆ. ಸಿನಿಮಾ ಅದನ್ನು ಚಲಿಸಿ ತೋರಿಸಲೇಬೇಕು. ಚಿತ್ರಕಥೆ ಅದನ್ನು ನಮ್ಮ ಕಣ್ಣಿಗೆ ಬಿಟ್ಟುಕೊಡುತ್ತದೆ. ಇದೇ ಕಥೆಯ ಮೇಲೆ 2014ರಲ್ಲಿ ಬಂದ ಅನಿಮೇಷನ್ ಚಿತ್ರವನ್ನೂ ನೋಡಿ ಹೋಲಿಸಿದರೆ ಈ ವ್ಯತ್ಯಾಸ ಮನದಟ್ಟಾಗುತ್ತದೆ. ಅಂದಹಾಗೆ, ಓಬೆಲಿಕ್ಸ್‌ನ ನಾಯಿ ಡಾಗ್ಮ್ಯಾಟಿಕ್ಸ್ ಮೇಲೆ ಒಂದು ಕಣ್ಣಿಡಿ. ಮರ ಬಿದ್ದರೆ ಅಳುವುದು ಅದರ ಸ್ವಭಾವ ಎಂಬುದು ಹಳೆಯ ಓದುಗರಿಗೆ ಗೊತ್ತು. ಹಾಗಾಗಿ ಅಂಗೈಯಗಲದ ಆ ನಾಯಿಯೇ ಈ ಪುಸ್ತಕದ ಮನಸ್ಸಾಕ್ಷಿಯಾಗುತ್ತದೆ.

ಗೊಸಿನಿಯ ಜಾಣ್ಮೆ ಪೂರ್ತಿ ಕಾಣುವುದು ಕಾಡಿನ ಈ ಪ್ರಸಂಗದ ನಂತರ. ಗುಲಾಮರು ಬಿಡುಗಡೆಯಾಗಲಿ ಎಂದು ಆಸ್ಟೆರಿಕ್ಸ್ ಅವರಿಗೂ ಮದ್ದು ಕೊಡುತ್ತಾನೆ. ಅವರು ಓಡಿಹೋಗುವುದಿಲ್ಲ, ಬಂದ ಬಲವನ್ನು ಇಟ್ಟುಕೊಂಡು ಕೂಲಿಗೆ, ಒಳ್ಳೆಯ ಷರತ್ತುಗಳಿಗೆ ಚೌಕಾಸಿಗಿಳಿಯುತ್ತಾರೆ. ಗುಲಾಮರಿಗೆ ತಮಗಿಂತ ಒಳ್ಳೆಯ ಸವಲತ್ತು ಸಿಕ್ಕಿದೆ ಎಂದು ಸೈನಿಕರು ಮುಷ್ಕರ ಹೂಡುತ್ತಾರೆ. ಕಟ್ಟಡ ಏಳುತ್ತದೆ, ರೋಮಿನ ಸಂಸಾರಗಳು ಬರುತ್ತವೆ, ಹೆಂಗಸರು ಹಳ್ಳಿಯಲ್ಲಿ ಮೀನು ಅಗ್ಗ ಎಂದು ಕೊಳ್ಳಲು ಬರುತ್ತಾರೆ. ಬೆಲೆ ಏರುತ್ತದೆ. ನೋಡನೋಡುತ್ತ ಊರಿಗೆ ಊರೇ ಮೀನಂಗಡಿ, ಇಲ್ಲವೇ ಹಳೇ ಆಯುಧ ಮಾರುವ ಅಂಗಡಿ. ಸಾಮ್ರಾಜ್ಯ ಬಗ್ಗಿಸಲಾಗದ ಹಳ್ಳಿಯನ್ನು ಗಿರಾಕಿಗಳು ಬಗ್ಗಿಸಿಬಿಡುತ್ತಾರೆ. ಸರಣಿಯ ಬದಲಾಗದ ಚೌಕಟ್ಟು ಕೆಲಸ ಮಾಡುವುದು ಹೀಗೆ. ಈ ಊರಿನವರು ಯಾರಿಗೂ ಸೋಲುವವರಲ್ಲ ಎಂದು ಹಿಂದಿನ ಪುಸ್ತಕಗಳಿಂದ ನಂಬಿ ಕೂತಿರುವುದರಿಂದಲೇ ಅವರು ಸೋಲುತ್ತಿರುವುದು ನಗು ತರಿಸುತ್ತದೆ, ನೋಯಿಸುತ್ತದೆ ಕೂಡ. ಕೊನೆಗೆ ಅವರು ಆಶ್ರಯಿಸುವುದು ಕ್ಯಾಕೋಫೋನಿಕ್ಸ್‌ನ ಕಂಠವನ್ನು. ಸಾಮಾನ್ಯವಾಗಿ ತಾವೇ ಮುಚ್ಚಿಸುತ್ತಿದ್ದ ಬಾಯಿಯನ್ನು ಈ ಸಲ ಬಾಡಿಗೆ ಮನೆಯಲ್ಲಿ ಕೂರಿಸಿ ಹಾಡಲು ಬಿಡುತ್ತಾರೆ.

ಮೆಚ್ಚುವುದೆಂದರೆ ಕಣ್ಣು ಮುಚ್ಚಿಕೊಳ್ಳುವುದಲ್ಲ. ಕಪ್ಪು ಜನರನ್ನು ಉದೆರ್ಜೊ ದಪ್ಪ ತುಟಿಗಳ ಪಡಿಯಚ್ಚಿನಲ್ಲಿ ಬಿಡಿಸಿದ್ದಾನೆ. ಸರಣಿಯಲ್ಲಿ ಬರುವ ಕಡಲ್ಗಳ್ಳರ ಹಡಗಿನ ಕಾವಲುಗಾರ ಹಾಗೇ, ಈ ಪುಸ್ತಕದ ಗುಲಾಮರ ಮುಖಂಡನೂ ಹಾಗೇ. ಇಂದು ವಿಮರ್ಶೆ ಬರೆಯುವವರು ಇದನ್ನು ಹೇಳದೆ ದಾಟಬಾರದು. ಮಾತಿನಲ್ಲಿ ಆ ಮುಖಂಡ ಎಲ್ಲರಿಗಿಂತ ಘನವಂತ, ಚತುರ. ಗೆರೆ ಕುಗ್ಗಿಸಿದ್ದನ್ನು ಬರಹ ಎತ್ತಿ ನಿಲ್ಲಿಸುವ ಈ ಎಳೆದಾಟ ನನ್ನನ್ನು ಪ್ರತಿ ಓದಿನಲ್ಲೂ ತಡೆದು ನಿಲ್ಲಿಸುತ್ತದೆ.

ಗೊಸಿನಿ 1977ರಲ್ಲಿ ತೀರಿಕೊಂಡ. ಆಗ ಸಿದ್ಧವಾಗುತ್ತಿದ್ದ, ಬೆಲ್ಜಿಯಂನಲ್ಲಿ ನಡೆಯುವ ಪುಸ್ತಕವನ್ನು ಉದೆರ್ಜೊ ಮುಗಿಸಿದ. ಗೆಳೆಯ ಹೋದ ಮೇಲೆ ಬಿಡಿಸಿದ ಪುಟಗಳಲ್ಲಿ ಆಕಾಶ ಮುಸುಕಿ ಮಳೆ ಸುರಿಯುತ್ತದೆ. ಆಮೇಲೆ ಒಬ್ಬನೇ ಬರೆದ ಪುಸ್ತಕಗಳಲ್ಲಿ ಗೆರೆಗೆ ಕುಂದಿಲ್ಲ, ಹೂರಣ ತೆಳುವಾಯಿತು. ಅನ್ಯಗ್ರಹದವರನ್ನು ಕರೆತಂದ 2005ರ ಪುಸ್ತಕವನ್ನು ಹೊಸಬರು ಬಿಟ್ಟರೂ ನಷ್ಟವಿಲ್ಲ. 2013ರಿಂದ ಚಿತ್ರ ಡಿಡಿಯೆ ಕಾನ್ರಾಡ್‌ನದು; ಬರಹ ಮೊದಲು ಝಾನ್-ಈವ್ ಫೆರಿಯದು, 2023ರ 40ನೆಯ ಪುಸ್ತಕ ‘ವೈಟ್ ಐರಿಸ್’ನಿಂದ ಫಾಬ್ಕಾರೊನದು. ಅದರಲ್ಲಿ ಸೀಸರ್ ಕಡೆಯವರು ಹಳ್ಳಿಗೆ ಸಕಾರಾತ್ಮಕ ಚಿಂತನೆಯ ಉಪದೇಶಕನನ್ನು ಕಳಿಸುತ್ತಾರೆ, ಜಗಳಗಂಟ ಊರು ಸಭ್ಯವಾಗಿ ಸೊರಗತೊಡಗುತ್ತದೆ.

ಅದನ್ನು ತೂಗಬೇಕಾದರೆ ಒಳಗಿನಿಂದ ಹಾಳಾಗುವ ಹಳ್ಳಿಯ ಹಿಂದಿನ ಕಥೆಗಳನ್ನು ಪಕ್ಕದಲ್ಲಿಟ್ಟುಕೊಳ್ಳಬೇಕು: ಅನುಮಾನ ಬಿತ್ತುವ ‘ರೋಮನ್ ಏಜೆಂಟ್’, ಕಟ್ಟಡದ ಈ ಪುಸ್ತಕ, ಕಲ್ಲುಗಂಬಗಳಿಗೆ ಮಾರುಕಟ್ಟೆ ಹುಟ್ಟಿಸುವ 1976ರ ‘ಓಬೆಲಿಕ್ಸ್ ಆ್ಯಂಡ್ ಕೋ’. ಮೂರರಲ್ಲೂ ಊರವರು ಕೆಡುವುದು ಅವರೊಳಗೆ ಮೊದಲೇ ಇದ್ದ ಆಸೆ, ಹೊಟ್ಟೆಕಿಚ್ಚುಗಳಿಂದ. ‘ವೈಟ್ ಐರಿಸ್’ನಲ್ಲಿ ಕೇಡು ಹೊರಗಿನ ಮಾತುಗಾರನಿಂದ ಬರುತ್ತದೆ, ಅದಕ್ಕೇ ನಗು ಅಷ್ಟು ಆಳಕ್ಕೆ ಇಳಿಯುವುದಿಲ್ಲ. ಇದು ನನ್ನ ತೀರ್ಪು. ನಾಲ್ಕನ್ನೂ ಒಟ್ಟಿಗೆ ಹರಡಿಕೊಂಡು ಓದಿ, ನಿಮ್ಮದು ಬೇರೆಯೇ ಆಗಬಹುದು.