ಮತ್ಸ್ಯವಿನೋದದ ಆಹಾರವಿಧಿ: ಪೋಷಣೆಯೋ ಚಿಕಿತ್ಸೆಯೋ?

ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು (ಕ್ರಿ. ಶ. 1126–1138) ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಐದು ವಿಂಶತಿಗಳಾಗಿ, ನೂರು ಅಧ್ಯಾಯಗಳಾಗಿ ವಿಭಕ್ತವಾಗಿದೆ. ಅದರ ನಾಲ್ಕನೆಯ ವಿಂಶತಿಯಲ್ಲಿರುವ ಮತ್ಸ್ಯವಿನೋದವನ್ನು ಮತ್ಸ್ಯಶಾಸ್ತ್ರಜ್ಞ ಸುಂದರಲಾಲ ಹೋರಾ ಅವರು 1951ರಲ್ಲಿ ವಿಮರ್ಶಿಸಿದರು. ಗಿಡಮೂಲಿಕೆಗಳ ಸಾರವನ್ನು ಮೀನಿನ ಆಹಾರದಲ್ಲಿ ಬೆರಸಿ ಅದರ ದೇಹಸ್ಥಿತಿಯನ್ನು ತಿದ್ದುವ ಈಗಿನ ಪ್ರಯೋಗಗಳಿಗೆ ಈ ಅಧ್ಯಾಯವೇ ಮೂಲವೆನ್ನಲು ಮನಸ್ಸಾಗುವುದು ಸಹಜ. ಗ್ರಂಥವು ಆ ಮಾತಿಗೆ ಆಧಾರವೀಯುವುದೇ ಎಂಬುದು ವಿಚಾರಾರ್ಹವಾಗಿದೆ.

ಅಧ್ಯಾಯದಲ್ಲಿ ಮೀನುಗಳ ಜಾತಿಭೇದವೂ, ಆಯಾ ಜಾತಿಗೆ ಒಗ್ಗುವ ಆಹಾರವೂ, ಗಾಳದ ವಿಧಾನವೂ ಹೇಳಲ್ಪಟ್ಟಿವೆ. ಧಾನ್ಯದ ಹಿಟ್ಟು, ಎಳ್ಳು, ಮಾಂಸ ಮೊದಲಾದುವುಗಳ ಉಂಡೆಗಳಿಂದ ಮೀನನ್ನು ಕೊಬ್ಬಿಸಿ, ಸ್ಥಳಕ್ಕೆ ಪಳಗಿಸಿ, ಅನಂತರ ಗಾಳಕ್ಕೆ ಸೆಳೆಯುವುದೇ ಅಲ್ಲಿಯ ಉದ್ದೇಶ. ಪ್ರಕರಣದ ಹೆಸರೇ ವಿನೋದ. ಅಲ್ಲಿ ವೈದ್ಯವನ್ನು ಅರಸುವುದು ಪ್ರಕರಣವಿರುದ್ಧ. ಸೋಮೇಶ್ವರನ ಚಿಕ್ಕತಂದೆಯೆನಿಸಿದ ಕೀರ್ತಿವರ್ಮನು ಕನ್ನಡದಲ್ಲಿ ‘ಗೋವೈದ್ಯ’ವನ್ನು ಬರೆದನು. ಪಶುಚಿಕಿತ್ಸೆಯನ್ನು ಹೇಳಬೇಕಾದಾಗ ಆ ರಾಜಮನೆತನವು ಅದನ್ನು ಚಿಕಿತ್ಸೆಯೆಂಬ ಹೆಸರಿನಿಂದಲೇ ಹೇಳಿತೆಂಬುದಕ್ಕೆ ಇದೇ ಸಾಕ್ಷಿ.

ಇನ್ನು ನವೀನ ಪ್ರಯೋಗಗಳ ಗುರಿಯಾದರೋ ಇದಕ್ಕೆ ವಿಪರೀತವಾದುದು. ಸಾಕಿದ ಮೀನಿಗೆ ಪಿಷ್ಟವನ್ನೂ ಕೊಬ್ಬನ್ನೂ ಅತಿಯಾಗಿ ತಿನ್ನಿಸಿದರೆ ಯಕೃತ್ತಿನಲ್ಲಿ ಮೇದಸ್ಸು ಸೇರುವುದು, ರಕ್ತದಲ್ಲಿ ಸಕ್ಕರೆ ಏರುವುದು. ಈ ದೋಷವನ್ನು ತಗ್ಗಿಸಲೆಂದು ಅರಿಸಿನ, ಬೆಳ್ಳುಳ್ಳಿ ಮುಂತಾದುವುಗಳ ಸಾರವನ್ನು ಅಲ್ಪಪ್ರಮಾಣದಲ್ಲಿ ಬೆರಸಿ, ರಕ್ತವನ್ನೂ ಯಕೃತ್ತನ್ನೂ ಪರೀಕ್ಷಿಸುತ್ತಾರೆ. ಅರಸನು ಬಯಸಿದ ಕೊಬ್ಬೇ ಇಲ್ಲಿ ವ್ಯಾಧಿ. ಹಾಗಾಗಿ ಮತ್ಸ್ಯವಿನೋದದ ಉಂಡೆಯು ಔಷಧದ ಪಕ್ಷಕ್ಕಿಂತ ನಿದಾನದ ಪಕ್ಷಕ್ಕೇ ಹತ್ತಿರವಾದುದು.

ಪೂರ್ವಿಕರ ಸಂಬಂಧವನ್ನು ತೋರಿಸಲೇಬೇಕಾದಲ್ಲಿ ಚರಕಸಂಹಿತೆಯ ಅನ್ನಪಾನವಿಧಿಯನ್ನು ನೋಡುವುದು ಲೇಸು. ರೋಹಿತಮತ್ಸ್ಯವು ಪಾಚಿಯನ್ನು ಮೇಯುವುದರಿಂದಲೂ ನಿದ್ರೆಯನ್ನು ವರ್ಜಿಸುವುದರಿಂದಲೂ ದೀಪನವೂ ಲಘುಪಾಕವೂ ಬಲಕರವೂ ಆಗಿದೆಯೆಂದು ಅಲ್ಲಿ ಹೇಳಿದೆ. ಮೀನು ತಿಂದ ಸಸ್ಯವು ಮೀನಿನ ಗುಣವಾಗುವುದೆಂಬ ಕಾರ್ಯಕಾರಣಭಾವವು ಇಲ್ಲಿ ಸ್ಫುಟವಾಗಿದೆ. ಆದರೂ ಈ ಮಾತು ಉಣ್ಣುವ ಮನುಷ್ಯನ ಹಿತವನ್ನು ಕುರಿತದ್ದು. ಮೀನಿನ ಆರೋಗ್ಯವನ್ನು ಕುರಿತದ್ದಲ್ಲ.

ಮನುಷ್ಯನಿಗೆ ಮದ್ದಾದುದು ಮೀನಿಗೂ ಮದ್ದೆಂಬ ಅನುಮಾನವೂ ನಿಲ್ಲದು. ಕಾರೆಕಾಯಿ, ಎಂದರೆ ಮದನಫಲವು, ಚರಕನ ಕಲ್ಪಸ್ಥಾನದ ಮೊದಲ ಅಧ್ಯಾಯದಲ್ಲಿಯೇ ವಮನದ್ರವ್ಯಗಳಲ್ಲಿ ಶ್ರೇಷ್ಠವೆಂದು ಗಣಿತವಾಗಿದೆ. ಅದೇ ಕಾಯನ್ನು ಜಜ್ಜಿ ನೀರಿಗೆ ಹಾಕಿದರೆ ಮೀನು ಸಾಯುತ್ತದೆ. ದ್ರವ್ಯ, ಮಾತ್ರೆ, ದೇಶ, ಕಾಲ, ಪ್ರಕೃತಿಗಳನ್ನು ವಿವೇಚಿಸದೆ ಗುಣವನ್ನು ಹೇಳಲಾಗದೆಂಬುದು ಶಾಸ್ತ್ರದ ಮತವೇ ಆಗಿದೆ. ಈಗಿನ ಪರೀಕ್ಷೆಗಳ ಫಲವೂ ಮೀನಿನ ಜಾತಿ, ನೀರಿನ ಉಷ್ಣತೆ, ಸಾರ ತೆಗೆದ ಕ್ರಮ, ಕೊಟ್ಟ ಪ್ರಮಾಣ ಇವುಗಳಿಗೆ ತಕ್ಕಂತೆ ಭಿನ್ನವಾಗುತ್ತದೆ.

ಹೆಗ್ಗಡದೇವನಕೋಟೆ ತಾಲ್ಲೂಕಿನ ಅಂತರಸಂತೆಯ ಸೀಮೆಗೆ ಇದು ಬರಿಯ ಗ್ರಂಥಚರ್ಚೆಯಲ್ಲ. 1974ರಲ್ಲಿ ಕಬಿನಿ ಅಣೆಕಟ್ಟು ಪೂರ್ಣವಾದಂದಿನಿಂದ ಒಂದೆಡೆ ವಿಸ್ತಾರವಾದ ಜಲಾಶಯ, ಇನ್ನೊಂದೆಡೆ ಮೂಲಿಕೆಗಳಿಗೆ ನೆಲೆಯಾದ ಕಾಡು. ಜಲಾಶಯದ ಮೀನು ನೀರಿನಲ್ಲಿ ದೊರೆತುದನ್ನೇ ತಿಂದು ಬೆಳೆಯುವುದು. ಔಷಧಾಹಾರದ ಪ್ರಸಕ್ತಿ ಇರುವುದು ಕೊಳದಲ್ಲಿ ಸಾಕುವವನಿಗೆ. ಪ್ರಾಚೀನಗ್ರಂಥದ ಹೆಸರನ್ನು ನಂಬಿ ಅವನು ಪ್ರಮಾಣವರಿಯದೆ ಸೊಪ್ಪನ್ನೋ ಕಾಯನ್ನೋ ಕೊಳಕ್ಕೆ ಹಾಕಿದರೆ, ಪಂಡಿತರ ಅಪವ್ಯಾಖ್ಯಾನದ ದಂಡವನ್ನು ತೆರುವವನು ಅವನೇ.

ಸೋಮೇಶ್ವರನ ನಿಜವಾದ ಹಿರಿಮೆಯು ಬೇರೆಯದು: ಮೀನೆಂಬ ಒಂದೇ ಹೆಸರಿಗೆ ಒಂದೇ ಆಹಾರವನ್ನು ವಿಧಿಸದೆ, ಜಾತಿಜಾತಿಯ ರುಚಿಯನ್ನು ನೋಡಿ ಬರೆದನು. ಆ ಅವಲೋಕನಕ್ಕೆ ಸಲ್ಲುವ ಗೌರವವು, ಅವನು ಆಡದ ಮಾತನ್ನು ಅವನ ಮೇಲೆ ಹೊರಿಸುವುದರಿಂದ ಹೆಚ್ಚುವುದಿಲ್ಲ.