ಹಿಂದಿನವರ ಲೆಕ್ಕ, ಇಂದಿನವರ ಹೊಣೆ

2023ರ ಮೇ 12ರಂದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಯೂನಿಟ್‌ಗೆ ಸರಾಸರಿ 70 ಪೈಸೆ ದರ ಏರಿಸಿ ಆದೇಶ ಹೊರಡಿಸಿತು. ಮರುದಿನವೇ ವಿಧಾನಸಭಾ ಚುನಾವಣೆಯ ಮತ ಎಣಿಕೆ. ಬಸವರಾಜ ಬೊಮ್ಮಾಯಿ ಸರ್ಕಾರ ಸೋತಿತು. ಏಪ್ರಿಲ್ 1ರಿಂದಲೇ ಲೆಕ್ಕ ಹಿಡಿದ ಹೊಸ ದರ, ಹಿಂಬಾಕಿ ಸಮೇತ ಜೂನ್ ತಿಂಗಳ ಬಿಲ್ಲಿನಲ್ಲಿ ಜನರ ಕೈ ಸೇರಿದಾಗ ಅಧಿಕಾರದಲ್ಲಿದ್ದದ್ದು ಸಿದ್ದರಾಮಯ್ಯನವರ ಸರ್ಕಾರ. ಜೂನ್ 22ರಂದು ಬಂದ್ ಆಚರಿಸಲು ಹುಬ್ಬಳ್ಳಿಯ ವಾಣಿಜ್ಯೋದ್ಯಮ ಸಂಸ್ಥೆ ಕರೆ ಕೊಟ್ಟಿತು. ದರ ಏರಿದ್ದು ನಾವು ಬರುವ ಮೊದಲು ಎಂದು ಸರ್ಕಾರ ಹೇಳಿತು. ಆ ಮಾತು ನಿಜ. ಆದರೆ ಬಿಲ್ಲು ಕೈಯಲ್ಲಿ ಹಿಡಿದು ನಿಂತವರು ಕೇಳುತ್ತಿದ್ದದ್ದು ದರ ಏರಿಸಿದವರು ಯಾರು ಎಂದಲ್ಲ, ಈಗ ಏನು ಮಾಡುತ್ತೀರಿ ಎಂದು. ಆಯೋಗ ನಿಗದಿಪಡಿಸಿದ ದರಕ್ಕೆ ಸಹಾಯಧನ ಕೊಟ್ಟು ಗ್ರಾಹಕರ ಹೊರೆ ಇಳಿಸುವ ದಾರಿಯನ್ನು ವಿದ್ಯುಚ್ಛಕ್ತಿ ಕಾಯ್ದೆಯ 65ನೇ ಕಲಮು ರಾಜ್ಯ ಸರ್ಕಾರಗಳಿಗೆ ತೆರೆದಿಟ್ಟಿದೆ. ಬಳುವಳಿಯಾಗಿ ಬಂದ ಸಮಸ್ಯೆಯ ಬಗ್ಗೆ ಹೊಸ ಸರ್ಕಾರ ಆಡುವ ಮಾತನ್ನು ಅಳೆಯಬೇಕಾದದ್ದು ಇಲ್ಲಿಯೇ: ಸಮಸ್ಯೆ ಎಲ್ಲಿ ಹುಟ್ಟಿತೆಂದು ಹೇಳಿದ ಮೇಲೆ, ತನ್ನ ಕೈಯಲ್ಲಿರುವ ಅಧಿಕಾರವನ್ನು ಅದು ಹೇಗೆ ಬಳಸಿತು?

ಕರ್ನಾಟಕದ ಮಟ್ಟಿಗೆ ಈ ಪ್ರಶ್ನೆ ಒಂದು ಚುನಾವಣೆಗೆ ಮುಗಿಯುವಂಥದ್ದಲ್ಲ. 1985ರಲ್ಲಿ ರಾಮಕೃಷ್ಣ ಹೆಗಡೆಯವರ ಪಕ್ಷ ಗೆದ್ದ ಮೇಲೆ, 2023ರವರೆಗೆ ಯಾವ ಆಳುವ ಪಕ್ಷವನ್ನೂ ಈ ರಾಜ್ಯದ ಮತದಾರರು ಮರಳಿ ಗೆಲ್ಲಿಸಿಲ್ಲ. ಇಂದು ಬಳುವಳಿ ಪಡೆದವರೇ ನಾಳೆ ಬಿಟ್ಟುಹೋಗುವವರು. ಪಕ್ಷ ಬದಲಾದರೂ ಸರ್ಕಾರ ಎಂಬ ಸಂಸ್ಥೆ ಬದಲಾಗುವುದಿಲ್ಲ. ಅದರ ಸಾಲ, ಕರಾರು, ಕೋರ್ಟಿನಲ್ಲಿ ಕೊಟ್ಟ ಮಾತು ಎಲ್ಲವೂ ಮುಂದುವರಿಯುತ್ತವೆ.

ಹಣಕಾಸಿನ ವಿಷಯದಲ್ಲಿ ಹಳೆಯದು ಹೊಸದರೊಂದಿಗೆ ಬೆರೆತುಹೋಗುವುದು ಬಲು ಸುಲಭ. 2023ರ ಫೆಬ್ರವರಿಯಲ್ಲಿ ಬೊಮ್ಮಾಯಿ ಮಂಡಿಸಿದ ಬಜೆಟ್ 402 ಕೋಟಿ ರೂಪಾಯಿ ರಾಜಸ್ವ ಹೆಚ್ಚುವರಿ ತೋರಿಸಿತ್ತು. ಅದೇ ವರ್ಷಕ್ಕೆ ಜುಲೈನಲ್ಲಿ ಸಿದ್ದರಾಮಯ್ಯ ಮಂಡಿಸಿದ ಬಜೆಟ್ಟಿನಲ್ಲಿ ಸುಮಾರು 12,500 ಕೋಟಿ ರೂಪಾಯಿ ರಾಜಸ್ವ ಕೊರತೆ ಕಾಣಿಸಿತು. ಹಿಂದಿನವರು ಹಣವಿಲ್ಲದೆ ಕಾಮಗಾರಿಗಳಿಗೆ ಒಪ್ಪಿಗೆ ಕೊಟ್ಟರೆಂಬ ದೂರು ಒಂದು ಕಡೆ. ವರ್ಷಕ್ಕೆ ಸುಮಾರು 52,000 ಕೋಟಿ ಬೇಡುವ, ಹೊಸ ಸರ್ಕಾರ ಚುನಾವಣೆಯಲ್ಲಿ ಮಾತು ಕೊಟ್ಟಿದ್ದ ಐದು ಗ್ಯಾರಂಟಿಗಳು ಇನ್ನೊಂದು ಕಡೆ. ಗ್ಯಾರಂಟಿಗಳಿಗೆ ಜನಾದೇಶವಿತ್ತು, ಬಡ ಮನೆಗಳಿಗೆ ಅವು ಕೊಟ್ಟ ಆಸರೆ ಸಣ್ಣದಲ್ಲ. ಹಾಗಿರುವಾಗ ಅವುಗಳ ಖರ್ಚನ್ನು ತನ್ನ ಆಯ್ಕೆಯೆಂದು ಎದೆತಟ್ಟಿ ಹೇಳಿಕೊಳ್ಳಬೇಕು. ಕೊರತೆಯಲ್ಲಿ ಹಳೆಯ ಪಾಲೆಷ್ಟು, ಹೊಸ ಪಾಲೆಷ್ಟು ಎಂದು ಬಿಡಿಸಿ ತೋರಿಸದಿದ್ದರೆ ಹಿಂದಿನವರ ಮೇಲಿನ ನ್ಯಾಯವಾದ ದೂರೂ ನೆಪದಂತೆ ಕೇಳಿಸುತ್ತದೆ.

ಇನ್ನೆರಡು ಬಳುವಳಿಗಳನ್ನು ಅಕ್ಕಪಕ್ಕ ಇಟ್ಟು ನೋಡಬಹುದು. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ನಡೆದ ಪರೀಕ್ಷೆಯ ಅಕ್ರಮ ಬಯಲಾಗಿ, ಹಿಂದಿನ ಸರ್ಕಾರವೇ 2022ರಲ್ಲಿ ಅದನ್ನು ರದ್ದು ಮಾಡಿತ್ತು. ಆ ತೀರ್ಮಾನವನ್ನು 2023ರ ನವೆಂಬರ್‌ನಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. 2024ರ ಜನವರಿ 23ರಂದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಮರುಪರೀಕ್ಷೆ ನಡೆಸಿತು. ಎದುರಾಳಿಯ ಕಾಲದ ಹಗರಣವನ್ನು ಮುಗಿಸುವುದು ಎಂದರೆ ಇದು. ಗುತ್ತಿಗೆದಾರರ ಬಿಲ್ಲಿನ ವಿಷಯದಲ್ಲಿ ಇಂಥ ಚುರುಕು ಕಾಣಲಿಲ್ಲ. ಹಿಂದಿನ ಸರ್ಕಾರದ ಮೇಲಿನ ಶೇ 40 ಕಮಿಷನ್ ಆರೋಪದ ತನಿಖೆಗೆ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನ್ ದಾಸ್ ಆಯೋಗ ರಚನೆಯಾದದ್ದು 2023ರ ಆಗಸ್ಟ್‌ನಲ್ಲಿ, ವರದಿ ಬಂದದ್ದು 2025ರ ಮಾರ್ಚ್‌ನಲ್ಲಿ. ತನಿಖೆ ಬೇಕೇ ಬೇಕಿತ್ತು. ಆದರೆ ತನಿಖೆಯ ಹೆಸರಿನಲ್ಲಿ ಹಳೆಯ ಬಿಲ್ಲುಗಳು ತಡೆಹಿಡಿಯಲ್ಪಟ್ಟಾಗ ಕಳಪೆ ಕೆಲಸ ಮಾಡಿದವನೂ ನೆಟ್ಟಗೆ ರಸ್ತೆ ಹಾಕಿದವನೂ ಒಂದೇ ಸಾಲಿನಲ್ಲಿ ನಿಲ್ಲಬೇಕಾಯಿತು. ಜಲ್ಲಿ, ಡಾಂಬರು, ಕೂಲಿಗೆ ಸಾಲ ಮಾಡಿದವನ ಬಡ್ಡಿ ಆಯೋಗದ ವರದಿಗೆ ಕಾಯುವುದಿಲ್ಲ. ಬಿಲ್ಲುಗಳನ್ನು ಬೇಗ ವಿಂಗಡಿಸಿ, ಅನುಮಾನವಿಲ್ಲದವಕ್ಕೆ ಹಣ ಬಿಡುಗಡೆ ಮಾಡುವುದು ಹೊಸ ಸರ್ಕಾರದ ಕೈಯಲ್ಲೇ ಇತ್ತು.

ಹಾಗಾದರೆ ಹಿಂದಿನವರ ತಪ್ಪನ್ನು ಹೇಳಲೇಬಾರದೇ ಎಂದು ಕೇಳಬಹುದು. ಹೇಳಲೇಬೇಕು; ಮುಚ್ಚಿಟ್ಟರೆ ಮತದಾರನಿಗೆ ಮೋಸ. ರಾಜ್ಯದ ಕೈಮೀರಿದ ಕಾರಣಗಳಿಲ್ಲವೇ ಎಂಬ ಆಕ್ಷೇಪವೂ ಸರಿಯೇ. 15ನೇ ಹಣಕಾಸು ಆಯೋಗ ಹಂಚಿಕೆ ತೆರಿಗೆಯಲ್ಲಿ ಕರ್ನಾಟಕದ ಪಾಲನ್ನು ಶೇ 4.71ರಿಂದ ಶೇ 3.65ಕ್ಕೆ ಇಳಿಸಿತು, ಆ ಪೆಟ್ಟು ಹಳೆಯ ಸರ್ಕಾರಕ್ಕೂ ಬಿತ್ತು, ಹೊಸದಕ್ಕೂ ಬಿತ್ತು. ಅದಕ್ಕೇ ಕೈಮೀರಿದ್ದು, ಹಿಂದಿನವರು ಮಾಡಿದ್ದು, ತಾನು ಆಯ್ದುಕೊಂಡದ್ದು ಎಂದು ಮೂರನ್ನೂ ಬೇರೆಬೇರೆ ಮಾಡಿ ಜನರ ಮುಂದಿಡಬೇಕು.

ಈ ವಿಂಗಡಣೆಯನ್ನು ಗೆದ್ದವರ ಭಾಷಣಕ್ಕೆ ಬಿಡುವ ಬದಲು ಕಾನೂನಿಗೆ ಒಪ್ಪಿಸುವುದು ಮೇಲು. ಆಸ್ಟ್ರೇಲಿಯಾದ 1998ರ ಕಾಯ್ದೆಯ ಪ್ರಕಾರ, ಚುನಾವಣಾ ಪ್ರಕ್ರಿಯೆ ಶುರುವಾದ 10 ದಿನಗಳೊಳಗೆ ಹಣಕಾಸಿನ ನಿಜಸ್ಥಿತಿಯನ್ನು ಅಧಿಕಾರಿಗಳೇ ಪ್ರಕಟಿಸುತ್ತಾರೆ. 2002ರಷ್ಟು ಹಿಂದೆಯೇ ವಿತ್ತೀಯ ಹೊಣೆಗಾರಿಕೆ ಕಾಯ್ದೆ ತಂದ ಕರ್ನಾಟಕಕ್ಕೆ ಇದು ದೂರದ ಮಾತಲ್ಲ. ಬಾಕಿ ಬಿಲ್ಲು, ಒಪ್ಪಿಗೆ ಪಡೆದ ಕಾಮಗಾರಿ, ಖಾಲಿ ಹುದ್ದೆ, ಸಾಲ ಇವಿಷ್ಟನ್ನು ಮತದಾನಕ್ಕೆ ಮೊದಲೇ ಹಣಕಾಸು ಇಲಾಖೆ ಪ್ರಕಟಿಸಲಿ. ಆಗ ಪ್ರಣಾಳಿಕೆ ಬರೆಯುವವರಿಗೂ ಬೊಕ್ಕಸದ ಸ್ಥಿತಿ ಗೊತ್ತಿರುತ್ತದೆ, ಮತ ಹಾಕುವವರಿಗೂ ಗೊತ್ತಿರುತ್ತದೆ. ಗೆದ್ದ ಮೇಲೆ ಗೊತ್ತಾಯಿತು ಎಂಬ ಮಾತಿಗೆ ಆಗ ಜಾಗ ಉಳಿಯುವುದಿಲ್ಲ.